ಎಳೆದದ್ದನ್ನು ನಿಲ್ಲಿಸುವುದು

ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳದೇ ಸಾಲು. ಮುಂದೆ ಎರಡು ಟನ್ ತೂಗುವ ಟ್ರ್ಯಾಕ್ಟರ್, ಹಿಂದೆ ಅದರ ಐದು ಪಟ್ಟು ಭಾರದ ಟ್ರೇಲರ್. ಉತ್ತರ ಕರ್ನಾಟಕದಲ್ಲಿ ಒಂದರ ಹಿಂದೊಂದು ಎರಡು ಡಬ್ಬಿ ಕಟ್ಟಿಕೊಂಡು ಹೊರಡುವುದೂ ಮಾಮೂಲು. ಏರು ಬಂದಾಗ ಮುಂದಿನ ಚಕ್ರ ನೆಲ ಬಿಟ್ಟು ಗೇಣುದ್ದ ಮೇಲೇಳುತ್ತದೆ. ನೋಡುವವರ ಎದೆ ಝಲ್ಲೆನ್ನುತ್ತದೆ. ಆದರೂ ಗಾಡಿ ಸಾಗುತ್ತದೆ, ಏರು ಹತ್ತುತ್ತದೆ, ಕಾರ್ಖಾನೆಯ ಗೇಟಿನ ಮುಂದೆ ಸರದಿಯಲ್ಲಿ ನಿಲ್ಲುತ್ತದೆ.

ಏರು ಹತ್ತಿದ ಅದೇ ಟ್ರ್ಯಾಕ್ಟರ್ ಆಚೆ ಬದಿಯ ಇಳಿಜಾರಿನಲ್ಲಿ ಹತೋಟಿ ತಪ್ಪಿ ಪಲ್ಟಿಯಾದ ಸುದ್ದಿಯನ್ನೂ ನಾವು ಓದುತ್ತಿರುತ್ತೇವೆ. ‘ಬ್ರೇಕ್ ಫೇಲ್ ಆಯಿತಂತೆ’ ಎಂಬ ಒಂದು ಮಾತಿಗೆ ಚರ್ಚೆ ಮುಗಿಯುತ್ತದೆ. ಬ್ರೇಕ್ ಕೆಟ್ಟಿರಲೇಬೇಕೆಂದಿಲ್ಲ. ಷೋರೂಮಿನಿಂದ ಆಗಷ್ಟೇ ಹೊರಬಿದ್ದ ಟ್ರ್ಯಾಕ್ಟರಿನ ಬ್ರೇಕಿಗೂ ಆ ಭಾರವನ್ನು ಆ ಇಳಿಜಾರಿನಲ್ಲಿ ತಡೆಯಲು ಆಗದಿರಬಹುದು. ಹತ್ತು ಟನ್ನನ್ನು ಮೇಲಕ್ಕೆ ಎಳೆದ ಯಂತ್ರಕ್ಕೆ ಅದೇ ಹತ್ತು ಟನ್ನನ್ನು ಕೆಳಗೆ ಹಿಡಿದು ನಿಲ್ಲಿಸಲು ಯಾಕೆ ಆಗುವುದಿಲ್ಲ?

ಎಳೆಯಲು ಬೇಕಾದದ್ದು ಎಷ್ಟು?

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಚಕ್ರದ ಮೇಲಿರುವ ಭಾರವನ್ನು ಎಳೆಯುವುದಕ್ಕೆ ನಾವು ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಬಲ ಸಾಕು. ಟೈರು ನೆಲಕ್ಕೆ ಒತ್ತಿ ಬಾಗುವುದು, ಮತ್ತೆ ನೆಟ್ಟಗಾಗುವುದು, ಬೇರಿಂಗಿನ ತಿಕ್ಕಾಟ, ಇವೆಲ್ಲ ಸೇರಿ ಒಡ್ಡುವ ತಡೆ ಒಟ್ಟು ಭಾರದ ನೂರರಲ್ಲಿ ಎರಡು ಪಾಲಿನ ಆಸುಪಾಸು. ಇದನ್ನು ಉರುಳು-ತಡೆ ಎನ್ನೋಣ. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಸೇರಿ 12 ಟನ್ ಇದ್ದರೆ, ಒಂದೇ ವೇಗದಲ್ಲಿ ಓಡಿಸಲು ಬೇಕಾದ ಎಳೆತ 200ರಿಂದ 250 ಕಿಲೋ ಭಾರದಷ್ಟು. ನಿಂತಲ್ಲಿಂದ ವೇಗ ಪಡೆಯಲು ಇನ್ನೊಂದಿಷ್ಟು ಬೇಕು, ಆದರೆ ಅದಕ್ಕೆ ಅವಸರವಿಲ್ಲ. ಗೇರು ಬದಲಿಸುತ್ತ, ಅರ್ಧ ನಿಮಿಷ ತೆಗೆದುಕೊಂಡು ಗಂಟೆಗೆ 25 ಕಿಲೋಮೀಟರ್ ಮುಟ್ಟಿದರೂ ಯಾರೂ ಕೇಳುವುದಿಲ್ಲ.

ನಿಲ್ಲಿಸುವಾಗ ಆ ಅರ್ಧ ನಿಮಿಷ ಸಿಗುವುದಿಲ್ಲ. ಶಾಲೆಯಿಂದ ಮಗು ಓಡಿಬಂದರೆ, ಅಡ್ಡರಸ್ತೆಯಿಂದ ಬೈಕು ನುಗ್ಗಿದರೆ, ಇರುವುದು ಎರಡು ಮೂರು ಸೆಕೆಂಡು. ಅರ್ಧ ನಿಮಿಷದಲ್ಲಿ ಕೂಡಿಸಿದ ಓಟವನ್ನು ಅಷ್ಟರಲ್ಲೇ ಕಳೆಯಬೇಕಾದರೆ ಹತ್ತಾರು ಪಟ್ಟು ಹೆಚ್ಚು ಬಲ ಬೇಕು. ಎಂಜಿನ್ನಿನ ಕುದುರೆಶಕ್ತಿ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ‘ಐವತ್ತು ಎಚ್‌ಪಿ ಗಾಡಿ, ಎಷ್ಟು ಬೇಕಾದರೂ ಎಳೆಯುತ್ತೆ’ ಎಂದು ಹೇಳುವವರು ಸುಳ್ಳಾಡುತ್ತಿಲ್ಲ. ಎಳೆಯುತ್ತದೆ. ಎಳೆದದ್ದು ನಿಲ್ಲುತ್ತದೆಯೇ ಎಂಬುದಕ್ಕೆ ಆ ಸಂಖ್ಯೆಯಲ್ಲಿ ಉತ್ತರವಿಲ್ಲ.

ಹಿಡಿತ ಹುಟ್ಟುವ ಜಾಗ

ಬ್ರೇಕು ಗಾಡಿಯನ್ನು ನಿಲ್ಲಿಸುವುದಿಲ್ಲ, ಅದು ಚಕ್ರವನ್ನಷ್ಟೇ ನಿಲ್ಲಿಸುತ್ತದೆ. ಗಾಡಿಯನ್ನು ನಿಲ್ಲಿಸುವುದು ಟೈರು ನೆಲವನ್ನು ಕಚ್ಚಿಕೊಳ್ಳುವ ಬಲ. ಆ ಕಚ್ಚುವಿಕೆಗೆ ಒಂದು ಮಿತಿ ಇದೆ. ಒಣ ಡಾಂಬರಿನ ಮೇಲೆ ಟೈರು, ತನ್ನ ಮೇಲೆ ಕೂತ ಭಾರದ ನೂರರಲ್ಲಿ ಸುಮಾರು 70 ಪಾಲಿನಷ್ಟು ಬಲದಿಂದ ಹಿಡಿದುಕೊಳ್ಳಬಲ್ಲದು. ಒದ್ದೆ ಮಣ್ಣು, ಕಬ್ಬಿನ ಸೋಗೆ ಬಿದ್ದ ರಸ್ತೆಯಲ್ಲಿ ಅದು 40ಕ್ಕೆ, ಇನ್ನೂ ಕೆಳಕ್ಕೆ ಇಳಿಯಬಹುದು. ಪೆಡಲನ್ನು ಎಷ್ಟೇ ಬಲವಾಗಿ ತುಳಿದರೂ ಆ ಮಿತಿಯನ್ನು ದಾಟಲಾಗದು. ದಾಟಿದರೆ ಚಕ್ರ ಕಟ್ಟಿಕೊಂಡು ಜಾರುತ್ತದೆ, ಅಷ್ಟೆ.

ನಮ್ಮ ಸಾಧಾರಣ ಟ್ರ್ಯಾಕ್ಟರಿನಲ್ಲಿ ಬ್ರೇಕಿರುವುದು ಹಿಂದಿನ ಎರಡು ದೊಡ್ಡ ಚಕ್ರಗಳಿಗೆ ಮಾತ್ರ. ಎರಡು ಟನ್ನಿನ ಟ್ರ್ಯಾಕ್ಟರಿನಲ್ಲಿ ಆ ಚಕ್ರಗಳ ಮೇಲೆ ಕೂರುವ ಭಾರ ಸುಮಾರು 1,300 ಕಿಲೋ, ಉಳಿದ 700 ಮುಂದಿನ ಸಣ್ಣ ಚಕ್ರಗಳ ಪಾಲು. ಈಗ ಏರು ಹತ್ತುವಾಗ ಏನಾಗುತ್ತದೆ ನೋಡಿ. ಹಿಂದಿನ ಕೊಂಡಿ ಹಿಂದಕ್ಕೆ ಜಗ್ಗುತ್ತದೆ, ಟ್ರ್ಯಾಕ್ಟರಿನ ಮೂತಿ ಹಗುರಾಗುತ್ತದೆ, ಮುಂದಿನ ಚಕ್ರದ ಭಾರ ಹಿಂದಿನ ಚಕ್ರಕ್ಕೆ ವರ್ಗವಾಗುತ್ತದೆ. ಮುಂದಿನ ಚಕ್ರ ನೆಲ ಬಿಟ್ಟಿತೆಂದರೆ ಪೂರಾ ಎರಡು ಟನ್ನೂ ಎಳೆಯುವ ಚಕ್ರದ ಮೇಲೆ ಕೂತಿದೆ ಎಂದರ್ಥ. ಹಿಡಿತ ಅತಿ ಹೆಚ್ಚಿರುವ ಗಳಿಗೆ ಅದು, ಸ್ಟಿಯರಿಂಗ್ ಪೂರ್ತಿ ಕೈಬಿಟ್ಟ ಗಳಿಗೆಯೂ ಅದೇ.

ಇಳಿಜಾರಿನಲ್ಲಿ ಬ್ರೇಕ್ ತುಳಿದಾಗ ಇದು ತಿರುಗುಮುರುಗು. ಹಿಂದಿನ ಟ್ರೇಲರ್ ಮುಂದಕ್ಕೆ ದೂಡುತ್ತದೆ, ಟ್ರ್ಯಾಕ್ಟರ್ ಮುಗ್ಗರಿಸುತ್ತದೆ, ಭಾರ ಹಿಂದಿನ ಚಕ್ರವನ್ನು ಬಿಟ್ಟು ಮುಂದಿನ ಚಕ್ರಕ್ಕೆ ಹೋಗುತ್ತದೆ. ಮುಂದಿನ ಚಕ್ರಕ್ಕೆ ಬ್ರೇಕೇ ಇಲ್ಲ. ಎಳೆಯುವಾಗ ಯಾವ ಚಕ್ರಕ್ಕೆ ಬಲ ಬೇಕೋ ಅದಕ್ಕೇ ಭಾರ ಬಂದು ಸೇರುತ್ತಿತ್ತು, ತಡೆಯುವಾಗ ಯಾವ ಚಕ್ರಕ್ಕೆ ಬೇಕೋ ಅದರಿಂದಲೇ ಭಾರ ಕಳಚಿಕೊಳ್ಳುತ್ತದೆ. ಒಗಟಿನ ಗಂಟು ಇರುವುದು ಇಲ್ಲಿ.

ಲೆಕ್ಕ ಹಾಕೋಣ. ಹಿಂದಿನ ಚಕ್ರದ ಮೇಲೆ 1,100 ಕಿಲೋ ಉಳಿಯಿತೆಂದುಕೊಂಡರೆ ಹಿಡಿತ ಸುಮಾರು 770. ಇಳಿಯುವಾಗ ಉರುಳು-ತಡೆ ನಮ್ಮ ಪರವಾಗಿರುವುದರಿಂದ ಅದನ್ನೂ ಕೂಡಿಸಿ, ಉದಾರವಾಗಿ ಒಟ್ಟು 1,000 ಕಿಲೋ ಎಂದು ಹಿಡಿಯೋಣ. 12 ಟನ್ನಿನ ಗಾಡಿಯನ್ನು ತಡೆಯಲು ಇರುವುದು ಇಷ್ಟೇ, ಒಟ್ಟು ಭಾರದ ಹನ್ನೆರಡನೇ ಒಂದು ಪಾಲು. ಹನ್ನೆರಡು ಅಡಿ ಸಾಗುವಷ್ಟರಲ್ಲಿ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಭೂಮಿ ಆ ಗಾಡಿಯನ್ನು ಕೆಳಕ್ಕೆ ಎಳೆಯುವ ಬಲವೂ ಸರಿಯಾಗಿ 1,000 ಕಿಲೋ. ಅಂದರೆ ಅಂಥ ಇಳಿಜಾರಿನಲ್ಲಿ ಬ್ರೇಕನ್ನು ನೆಲಕ್ಕೆ ಒತ್ತಿದರೂ ವೇಗ ಇದ್ದಷ್ಟೇ ಇರುತ್ತದೆ, ಗಾಡಿ ನಿಲ್ಲುವುದಿಲ್ಲ. ಕೆರೆ ಏರಿಯಿಂದ, ನಾಲೆ ಏರಿಯಿಂದ ಗದ್ದೆಗೆ ಇಳಿಯುವ ದಾರಿಗಳು ಎಷ್ಟೋ ಕಡೆ ಇದಕ್ಕಿಂತ ಕಡಿದಾಗಿವೆ.

ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿರುವ ಬರಿಯ ಟ್ರ್ಯಾಕ್ಟರ್ ಬ್ರೇಕ್ ಹಿಡಿದ ಮೇಲೆ ಸುಮಾರು 7 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ ತುಂಬಿದ ಟ್ರೇಲರ್ ಕಟ್ಟಿದಾಗ 30 ಮೀಟರ್ ಬೇಕು. ಗುಡ್ಡದ ರಸ್ತೆಗಳಲ್ಲಿ ಸಾಮಾನ್ಯವಾದ ಇಪ್ಪತ್ತಕ್ಕೆ ಒಂದರ ಇಳಿಜಾರಿನಲ್ಲಿ 70 ಮೀಟರ್ ದಾಟುತ್ತದೆ. ಅದೇ ಇಳಿಜಾರು ಮಳೆಗೆ ನೆನೆದು ಮಣ್ಣು ಮೆತ್ತಿಕೊಂಡಿದ್ದರೆ ಇರುವ ಹಿಡಿತವೆಲ್ಲ ವೇಗ ಏರದಂತೆ ತಡೆಯುವುದಕ್ಕೇ ಖರ್ಚಾಗುತ್ತದೆ, ನಿಲ್ಲಿಸಲು ಹೆಚ್ಚೇನೂ ಉಳಿಯುವುದಿಲ್ಲ. ಎದುರಿನದನ್ನು ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸಾಗಿಹೋದ ದೂರ ಈ ಲೆಕ್ಕದಲ್ಲಿ ಸೇರಿಲ್ಲ.

ಕೊಂಡಿಯಲ್ಲಿ ಕೇಳುವ ಸದ್ದು

ತುಂಬಿದ ಟ್ರ್ಯಾಕ್ಟರ್ ಪಕ್ಕದಲ್ಲಿ ಹಾದುಹೋಗುವಾಗ ಕೊಂಡಿಯ ಕಡೆ ಕಿವಿಗೊಡಿ. ಟ್ರೇಲರಿನ ಮೂಕಿಯ ಕಣ್ಣು, ಟ್ರ್ಯಾಕ್ಟರಿನ ಇಕ್ಕಳದ ನಡುವೆ ಕೂತು, ಮೇಲಿಂದ ಒಂದು ದಪ್ಪ ಪಿನ್ನು ಇಳಿದಿರುತ್ತದೆ. ಸವೆದು ಸವೆದು ಆ ಕಣ್ಣು ಪಿನ್ನಿಗಿಂತ ಬೆರಳಗಲ ದೊಡ್ಡದಾಗಿರುತ್ತದೆ. ಚಾಲಕ ಆಕ್ಸಿಲರೇಟರ್ ಬಿಟ್ಟ ಕೂಡಲೇ ‘ಟಣ್’ ಎಂದು ಲೋಹಕ್ಕೆ ಲೋಹ ಬಡಿದ ಸದ್ದು ಬರುತ್ತದೆ. ಅಲ್ಲಿಯವರೆಗೆ ಪಿನ್ನಿನ ಒಂದು ಮಗ್ಗುಲಿಗೆ ಆತು ಎಳೆಸಿಕೊಳ್ಳುತ್ತಿದ್ದ ಟ್ರೇಲರು ಇನ್ನೊಂದು ಮಗ್ಗುಲಿಗೆ ಬಂದು ದೂಡತೊಡಗಿದ ಕ್ಷಣ ಅದು.

ಎಳೆಸಿಕೊಳ್ಳುವ ವಸ್ತು ತಾನಾಗಿ ನೇರಕ್ಕೆ ಬರುತ್ತದೆ. ದೂಡುವ ವಸ್ತು ಹಾಗಲ್ಲ, ತುಸು ಓರೆಯಾದರೂ ಆ ಓರೆಯನ್ನು ಹೆಚ್ಚಿಸುತ್ತ ಹೋಗುತ್ತದೆ. ರಸ್ತೆ ನೆಟ್ಟಗಿದ್ದು ಎರಡೂ ಒಂದೇ ಗೆರೆಯಲ್ಲಿದ್ದರೆ ದೂಡುವಿಕೆ ಮುಂದಕ್ಕಷ್ಟೇ. ತಿರುವಿನಲ್ಲಿ ಟ್ರ್ಯಾಕ್ಟರ್ ಓರೆಯಾಗಿದ್ದಾಗ ಟ್ರೇಲರ್ ದೂಡಿತೋ, ಆ ನೂಕು ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಪಕ್ಕಕ್ಕೆ ಜಾರದಂತೆ ಹಿಡಿಯಬೇಕಾದವು ಅವೇ ಹಿಂದಿನ ಚಕ್ರಗಳು. ಟೈರಿಗೆ ಮುಂದಕ್ಕೊಂದು, ಪಕ್ಕಕ್ಕೊಂದು ಎಂದು ಬೇರೆ ಬೇರೆ ಹಿಡಿತವಿಲ್ಲ. ಇರುವುದನ್ನೆಲ್ಲ ಬ್ರೇಕಿಗೆ ಕೊಟ್ಟಿದ್ದರೆ ಪಕ್ಕಕ್ಕೆ ಏನೂ ಉಳಿದಿರುವುದಿಲ್ಲ. ಟ್ರ್ಯಾಕ್ಟರ್ ಗಿರ್ರನೆ ತಿರುಗಿ ಟ್ರೇಲರಿಗೆ ಎದುರಾಗಿ ಮಡಚಿಕೊಳ್ಳುತ್ತದೆ. ಹತ್ತು ಟನ್ ಅದರ ಮಗ್ಗುಲಿಗೆ ಬಂದು ಒರಗುತ್ತದೆ. ಲಾರಿ ಚಾಲಕರು ಹೆದರುವ ಜ್ಯಾಕ್‌ನೈಫ್ ಇದೇ. ಟ್ರ್ಯಾಕ್ಟರಿನಲ್ಲಿ ಚಾಲಕನನ್ನು ಕಾಯುವ ಗಟ್ಟಿ ಕ್ಯಾಬಿನ್ ಕೂಡ ಇರುವುದಿಲ್ಲವಾದ್ದರಿಂದ ಪ್ರಾಣಕ್ಕೇ ಬರುತ್ತದೆ.

ಇಲ್ಲಿ ಒಂದು ಸಣ್ಣ ಕಬ್ಬಿಣದ ಪಟ್ಟಿಯ ಬಗ್ಗೆ ಹೇಳಲೇಬೇಕು. ಟ್ರ್ಯಾಕ್ಟರಿನಲ್ಲಿ ಬಲಗಾಲಿನ ಬಳಿ ಎರಡು ಬ್ರೇಕ್ ಪೆಡಲ್‌ಗಳಿವೆ, ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಉಳುವಾಗ ಹೊಲದ ಅಂಚಿನಲ್ಲಿ ಒಂದೇ ಪೆಡಲ್ ತುಳಿದರೆ ಗಾಡಿ ಇದ್ದಲ್ಲೇ ತಿರುಗುತ್ತದೆ, ಬಹಳ ಅನುಕೂಲ. ರಸ್ತೆಗೆ ಬಂದಾಗ ಎರಡನ್ನೂ ಒಂದಾಗಿ ಕೂಡಿಸಲು ಬೆರಳುದ್ದದ ಒಂದು ಚಿಲಕ ಇದೆ. ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಅದು ಮಣ್ಣು ಮೆತ್ತಿ, ತುಕ್ಕು ಹಿಡಿದು, ಒಂದು ಕಡೆ ಜೋತುಬಿದ್ದಿರುತ್ತದೆ. ಚಿಲಕ ಹಾಕದೆ ಭಾರ ಕಟ್ಟಿ ಇಳಿಜಾರಿಗೆ ಬಂದು ಗಾಬರಿಯಲ್ಲಿ ಕಾಲು ಒಂದೇ ಪೆಡಲಿನ ಮೇಲೆ ಬಿದ್ದರೆ, ಮೇಲೆ ಹೇಳಿದ ಓರೆಯನ್ನು ಚಾಲಕನೇ ಉಂಟುಮಾಡಿಕೊಂಡಂತೆ. ಒಂದು ಪೈಸೆ ಖರ್ಚಿಲ್ಲದ ಎಚ್ಚರಿಕೆ ಇದು. ಗದ್ದೆಯಿಂದ ರಸ್ತೆಗೆ ಹತ್ತುವಾಗ ಕೈ ಮೊದಲು ಆ ಚಿಲಕಕ್ಕೆ ಹೋಗಬೇಕು.

ಎತ್ತಿನ ಗಾಡಿಗೆ ಗೊತ್ತಿದ್ದ ಮಾತು

ಹಳೆಯ ಎತ್ತಿನ ಗಾಡಿಗಳಲ್ಲಿ ಬ್ರೇಕು ಎಲ್ಲಿರುತ್ತಿತ್ತು? ಚಕ್ರಗಳ ಹಿಂದೆ ಅಡ್ಡಲಾಗಿ ಒಂದು ಮರದ ತುಂಡು. ಹಗ್ಗ ಜಗ್ಗಿ ಕಟ್ಟಿದರೆ ಅದು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತಿಕೊಳ್ಳುತ್ತಿತ್ತು. ಇಳಿಜಾರು ಬರುವ ಮುಂಚೆಯೇ ಗಾಡಿಯವನು ಕೆಳಗಿಳಿದು ಹಗ್ಗ ಬಿಗಿಯುತ್ತಿದ್ದ. ಭಾರವನ್ನು ತಡೆಯುವ ಕೆಲಸವನ್ನು ಅವನು ಎತ್ತುಗಳ ಕುತ್ತಿಗೆಗೆ ಬಿಟ್ಟವನಲ್ಲ. ಬಿಟ್ಟರೆ ನೊಗ ಮುಂದಕ್ಕೆ ಜಾರಿ, ಎತ್ತುಗಳ ಕಾಲು ಸೋತು, ಗಾಡಿ ಅವುಗಳ ಮೇಲೇ ಏರುತ್ತದೆಂದು ಅವನಿಗೆ ಗೊತ್ತಿತ್ತು. ಭಾರ ಯಾವ ಚಕ್ರದ ಮೇಲಿದೆಯೋ ಆ ಚಕ್ರಕ್ಕೇ ತಡೆ. ಎತ್ತಿನ ಜಾಗಕ್ಕೆ ಎಂಜಿನ್ನು ಬಂದಾಗ ನಾವು ಕೈಬಿಟ್ಟದ್ದು ಈ ಮರದ ತುಂಡನ್ನು.

ರೈಲಿನವರು ಇದೇ ಪಾಠವನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿತರು. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಊರಿನ ಬಳಿ, ಮಕ್ಕಳೇ ತುಂಬಿದ್ದ ಪ್ರವಾಸದ ರೈಲೊಂದು ಏರು ಹತ್ತಲಾರದೆ ನಿಂತಿತು. ರೈಲನ್ನು ಎರಡಾಗಿ ಬಿಡಿಸಿ, ಮುಂದಿನ ಭಾಗವನ್ನು ಮೊದಲು ಒಯ್ಯಲು ಹೊರಟರು. ಆ ಬೋಗಿಗಳ ಬ್ರೇಕು ಎಂಜಿನ್ನಿಗೆ ಜೋಡಿಸಿಕೊಂಡಿರುವಾಗ ಮಾತ್ರ ಕೆಲಸ ಮಾಡುವಂಥದ್ದು, ಕೊಂಡಿ ಬಿಡಿಸಿದ ಮೇಲೆ ಉಳಿದದ್ದು ಕೈಬ್ರೇಕೊಂದೇ. ಹಿಂದಿನ ಭಾಗ ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರುತ್ತಿದ್ದ ರೈಲಿಗೆ ಬಡಿಯಿತು. ಸುಮಾರು ಎಂಬತ್ತು ಜನ ಸತ್ತರು. ಅದೇ ವರ್ಷ ಬ್ರಿಟಿಷ್ ಸಂಸತ್ತು ಕಾನೂನು ಮಾಡಿ, ಪ್ರಯಾಣಿಕರ ರೈಲಿನ ಉದ್ದಕ್ಕೂ ಬ್ರೇಕಿರಬೇಕು, ಜೋಡಣೆ ತಪ್ಪಿದರೆ ಅದು ತಾನಾಗಿ ಹಿಡಿಯಬೇಕು ಎಂದು ವಿಧಿಸಿತು.

ತಾನಾಗಿ ಹಿಡಿಯುವ ಬ್ರೇಕು ಆ ಹೊತ್ತಿಗಾಗಲೇ ಇತ್ತು. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಮೊದಲ ಮಾದರಿಯಲ್ಲಿ ಗಾಳಿ ತುಂಬಿದರೆ ಬ್ರೇಕು ಹಿಡಿಯುತ್ತಿತ್ತು, ಕೊಳವೆ ಒಡೆದರೆ ಬ್ರೇಕೂ ಹೋಗುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವರು ಅದನ್ನು ತಲೆಕೆಳಗು ಮಾಡಿದರು. ಕೊಳವೆಯಲ್ಲಿ ಗಾಳಿಯ ಒತ್ತಡ ಇರುವ ತನಕ ಬ್ರೇಕು ಬಿಟ್ಟಿರುತ್ತದೆ, ಒತ್ತಡ ಇಳಿದರೆ ಪ್ರತಿ ಬೋಗಿಯಲ್ಲೂ ಕೂಡಿಟ್ಟ ಗಾಳಿ ಬ್ರೇಕನ್ನು ಒತ್ತುತ್ತದೆ. ಕೊಳವೆ ಹರಿದರೂ, ಕೊಂಡಿ ಕಳಚಿದರೂ ಪ್ರತಿ ಬೋಗಿ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಯಂತ್ರಶಾಸ್ತ್ರದಲ್ಲಿ ನನಗೆ ಇಷ್ಟು ಮೆಚ್ಚಿಗೆಯಾದ ಉಪಾಯಗಳು ಹೆಚ್ಚಿಲ್ಲ. ನಮ್ಮ ರೈಲುಗಳ ಗಾಳಿ ಬ್ರೇಕು, ಹೆದ್ದಾರಿಯ ದೊಡ್ಡ ಟ್ರೇಲರ್ ಲಾರಿಗಳ ಬ್ರೇಕು ಇಂದಿಗೂ ನಡೆಯುವುದು ಇದೇ ತತ್ವದ ಮೇಲೆ.

ಟ್ರೇಲರಿಗೆ ಬ್ರೇಕು ಬಂದರೆ

ನಮ್ಮ 12 ಟನ್ನಿನ ಗಾಡಿಗೆ ಮರಳೋಣ. ಟ್ರೇಲರಿನ ಚಕ್ರಗಳ ಮೇಲೆ ಹತ್ತು ಟನ್ ಕೂತಿದೆ. ಒಣ ರಸ್ತೆಯಲ್ಲಿ ಅವು 7,000 ಕಿಲೋವರೆಗೆ ಹಿಡಿದುಕೊಳ್ಳಬಲ್ಲವು. ಬ್ರೇಕಿಲ್ಲದ ಕಾರಣ ಅಷ್ಟೂ ಹಿಡಿತ ವ್ಯರ್ಥವಾಗುತ್ತಿದೆ. ಅರ್ಧಕ್ಕಿಂತ ಕಡಿಮೆ, 3,000 ಕಿಲೋ ಬಲ ಕೊಡುವ ಸಾಧಾರಣ ಬ್ರೇಕು ಹಾಕಿದರೂ ಸಮತಟ್ಟು ರಸ್ತೆಯಲ್ಲಿ 30 ಮೀಟರ್ ಬೇಕಿದ್ದದ್ದು 7–8 ಮೀಟರಿಗೆ ಇಳಿಯುತ್ತದೆ. ಬರಿಯ ಟ್ರ್ಯಾಕ್ಟರ್ ನಿಲ್ಲುವಷ್ಟೇ ದೂರ. ಭಾರ ಹೆಚ್ಚಾದಷ್ಟೂ ಹಿಡಿತವೂ ಅದೇ ಚಕ್ರದಲ್ಲಿ ಹೆಚ್ಚುವುದರಿಂದ ಭಾರ ಶತ್ರುವಾಗುವುದು ತಪ್ಪುತ್ತದೆ. ಕೊಂಡಿಯ ಮೇಲಿನ ನೂಕು ಬಹುಪಾಲು ಇಳಿದು, ಮಡಚಿಕೊಳ್ಳುವ ಅಪಾಯವೂ ತಗ್ಗುತ್ತದೆ.

ಇದನ್ನು ಮಾಡುವ ದಾರಿಗಳು ಮೂರು. ಅತಿ ಸರಳವಾದದ್ದು ನೂಕು-ಬ್ರೇಕು. ಟ್ರೇಲರ್ ಮುಂದಕ್ಕೆ ದೂಡಿದಾಗ ಅದರ ಮೂಕಿ ತುಸು ಒಳಕ್ಕೆ ಜಾರಿ, ಆ ಜಾರುವಿಕೆಯೇ ಸರಳಿನ ಮೂಲಕ ಟ್ರೇಲರಿನ ಬ್ರೇಕನ್ನು ಎಳೆಯುತ್ತದೆ. ಯುರೋಪಿನಲ್ಲಿ ಕಾರಿನ ಹಿಂದೆ ಕಟ್ಟುವ ಕ್ಯಾರವಾನ್‌ಗಳಲ್ಲಿ ಇದು ಸಾಮಾನ್ಯ. ಜೊತೆಗೆ ಒಂದು ತೆಳು ತಂತಿ ಕಾರಿಗೆ ಕಟ್ಟಿರುತ್ತದೆ, ಕೊಂಡಿ ಕಳಚಿದರೆ ಆ ತಂತಿ ಬ್ರೇಕನ್ನು ಎಳೆದು ಹರಿಯುತ್ತದೆ. ಎರಡನೆಯದು ಎಣ್ಣೆಯ ಒತ್ತಡದ್ದು, ಟ್ರ್ಯಾಕ್ಟರಿನ ಪೆಡಲ್ ತುಳಿದಾಗ ಕೊಳವೆಯ ಮೂಲಕ ಟ್ರೇಲರಿಗೂ ಒತ್ತಡ ಹೋಗುತ್ತದೆ. ಮೂರನೆಯದು ಗಾಳಿ ಬ್ರೇಕು. ಹತ್ತಾರು ಟನ್ ಕಬ್ಬು ಸಾಗಿಸುವ ಕೆಲಸಕ್ಕೆ ಕೊನೆಯ ಎರಡೇ ತಕ್ಕವು.

ಬ್ರಿಟನ್ನಿನಲ್ಲಿ ಕಾರಿನ ಹಿಂದೆ ಬ್ರೇಕಿಲ್ಲದ ಟ್ರೇಲರ್ ಕಟ್ಟಬೇಕಾದರೆ ಅದರ ಭಾರ ಕಾರಿನ ಅರ್ಧ ತೂಕವನ್ನು ಮೀರಬಾರದು, ಯಾವ ಲೆಕ್ಕಕ್ಕೂ 750 ಕಿಲೋ ದಾಟಬಾರದು. ಅರ್ಧ ತೂಕ! ನಾವು ಐದು ಪಟ್ಟು ಕಟ್ಟುತ್ತೇವೆ. ಟ್ರ್ಯಾಕ್ಟರಿನ ವೇಗ ಕಡಿಮೆ, ನಿಜ. ಆದರೆ ಹನ್ನೆರಡಕ್ಕೆ ಒಂದರ ಇಳಿಜಾರಿನ ಆ ಲೆಕ್ಕದಲ್ಲಿ ವೇಗ ಎಲ್ಲೂ ಬಂದಿಲ್ಲ ಎಂಬುದನ್ನು ಗಮನಿಸಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ರಿವರ್ಸ್‌ನಲ್ಲಿ ನೇರವಾಗಿ ಓಡಿಸುವ ಸ್ಪರ್ಧೆ ನಡೆಯುತ್ತದೆ. ಅದ್ಭುತ ಕೈಚಳಕ ಬೇಡುವ ಆಟ. ಅಂಥ ಕೈಚಳಕವಿರುವ ಹುಡುಗರಿಗೆ ಬ್ರೇಕಿಲ್ಲದ ಗಾಡಿ ಕೊಟ್ಟು ಇಳಿಜಾರಿಗೆ ಕಳಿಸುವುದು ಅನ್ಯಾಯ. ಹೊಸ ಟ್ರೇಲರ್ ಮಾಡಿಸುವಾಗ ಪಾಟಿಯ ದಪ್ಪ, ಟೈರಿನ ಅಳತೆ, ಬಣ್ಣ ಎಲ್ಲವನ್ನೂ ಚೌಕಾಸಿ ಮಾಡಿ ಕೇಳುತ್ತೇವೆ. ಆಕ್ಸಲ್ಲಿಗೆ ಬ್ರೇಕ್ ಡ್ರಮ್ ಇದೆಯೇ ಎಂದು ಕೇಳುವುದು ಅದಕ್ಕಿಂತ ಮೊದಲಾಗಬೇಕು.

ಮುಂಭಾರ, ಹಿಂಭಾರ

ಭಾರ ಎಷ್ಟು ಎಂಬುದರಷ್ಟೇ ಮುಖ್ಯ, ಎಲ್ಲಿ ಕೂತಿದೆ ಎಂಬುದು. ಎರಡು ಚಕ್ರದ ಟ್ರೇಲರಿನಲ್ಲಿ ಭಾರ ಆಕ್ಸಲ್ಲಿಗಿಂತ ಸ್ವಲ್ಪ ಮುಂದಿದ್ದರೆ ಅದರ ಒಂದು ಪಾಲು ಕೊಂಡಿಯ ಮೇಲೆ ಕೂತು ಟ್ರ್ಯಾಕ್ಟರಿನ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಕಬ್ಬಿನ ಹೊರೆ ಹಿಂದಕ್ಕೆ ಚಾಚಿ ಹಿಂಭಾರವಾದರೆ ಮೂಕಿ ಮೇಲೇಳಲು ನೋಡುತ್ತದೆ, ಕೊಂಡಿ ಟ್ರ್ಯಾಕ್ಟರಿನ ಹಿಂಭಾಗವನ್ನೇ ಎತ್ತುತ್ತದೆ, ಇದ್ದ ಅಲ್ಪ ಹಿಡಿತವೂ ಕರಗುತ್ತದೆ. ಮುಂಭಾರ ಅತಿಯಾದರೆ ಮತ್ತೆ ಮೂತಿ ಎದ್ದು ಸ್ಟಿಯರಿಂಗ್ ಹೋಗುತ್ತದೆ. ನಾಲ್ಕು ಚಕ್ರದ ಟ್ರೇಲರ್ ತನ್ನ ಭಾರವನ್ನು ತಾನೇ ಹೊರುವುದರಿಂದ ಈ ತಾಪತ್ರಯವಿಲ್ಲ, ಆದರೆ ಟ್ರ್ಯಾಕ್ಟರಿಗೆ ಹಿಡಿತದ ಸಹಾಯವೂ ಇಲ್ಲ. ಹಾಗೆಯೇ, ಕೊಂಡಿಯನ್ನು ಅದಕ್ಕೆಂದು ಇರುವ ತಗ್ಗಿನ ಜಾಗದಲ್ಲೇ ಕಟ್ಟಬೇಕು. ಎತ್ತರಕ್ಕೆ ಕಟ್ಟಿದರೆ ಏರಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು.

ಇಳಿಯುವ ಮುನ್ನ

ನಾಳೆಯೇ ಎಲ್ಲರ ಟ್ರೇಲರಿಗೂ ಬ್ರೇಕು ಬರುವುದಿಲ್ಲ. ಅಲ್ಲಿಯವರೆಗೆ ಚಾಲಕನ ಬಳಿ ಇರುವ ಒಳ್ಳೆಯ ಬ್ರೇಕು ಎಂಜಿನ್ನು. ಕೆಳಗಿನ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಆ ದುಡಿಮೆಯಲ್ಲಿ ಓಟ ಸೋರಿಹೋಗುತ್ತದೆ. ಹಿಡಿತದ ಮಿತಿ ಆಗಲೂ ಅಷ್ಟೇ ಇರುತ್ತದೆ, ಆದರೆ ವೇಗ ಮೊದಲಿಂದಲೇ ಏರುವುದಿಲ್ಲ, ಬ್ರೇಕೂ ಕಾಯುವುದಿಲ್ಲ. ಬ್ರೇಕು ಕಾಯುವುದು ಸಣ್ಣ ಸಂಗತಿಯಲ್ಲ. 12 ಟನ್ ಗಾಡಿ 100 ಮೀಟರ್ ಎತ್ತರ ಇಳಿದಾಗ ಕಳೆಯಬೇಕಾದ ಶಕ್ತಿ ಸುಮಾರು 35 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಸಾಕು. ಅದರ ಬಹುಪಾಲು ಎರಡು ಚಕ್ರಗಳ ಬ್ರೇಕಿನೊಳಗೇ ಹುಟ್ಟಿದರೆ ಅದು ಕಾದು ಸೋಲುತ್ತದೆ.

ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವವರು ಈ ಒಂದೇ ಆಸರೆಯನ್ನೂ ಕಳೆದುಕೊಳ್ಳುತ್ತಾರೆ. ಭಾರ ಕಟ್ಟಿಕೊಂಡು ವೇಗ ಏರಿದ ಮೇಲೆ ಗೇರು ಮತ್ತೆ ಬೀಳುವುದು ಕಷ್ಟ. ಆದ್ದರಿಂದ ಗೇರು ಇಳಿಸಬೇಕಾದದ್ದು ಇಳಿಜಾರಿನ ನೆತ್ತಿಯಲ್ಲಿ, ಗಾಡಿ ಇನ್ನೂ ನಿಧಾನವಾಗಿರುವಾಗ. ಯಾವ ಗೇರಿನಲ್ಲಿ ಹತ್ತಬಹುದೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಅನುಭವಿ ಚಾಲಕರು ಹೇಳುವುದು ಇದಕ್ಕೇ. ನಾಲ್ಕು ಚಕ್ರಕ್ಕೂ ಎಳೆತವಿರುವ ಟ್ರ್ಯಾಕ್ಟರ್ ಆಗಿದ್ದರೆ ಇಳಿಯುವ ಮುನ್ನ ಆ ಜೋಡಣೆ ಹಾಕಿಕೊಳ್ಳಬೇಕು. ಆಗ ಹಿಂದಿನ ಬ್ರೇಕು ಮತ್ತು ಎಂಜಿನ್ನು ಎರಡರ ತಡೆಯೂ ಮುಂದಿನ ಚಕ್ರಕ್ಕೆ ಹರಿಯುತ್ತದೆ, ಭಾರ ಮುಂದಕ್ಕೆ ಹೋದಾಗ ಅದನ್ನು ಬಳಸಿಕೊಳ್ಳುವ ಚಕ್ರವೊಂದು ಅಲ್ಲಿರುತ್ತದೆ. ಕೊಂಡಿಯ ಪಿನ್ನಿಗೆ ಕೆಳಗಿನಿಂದ ಕ್ಲಿಪ್ಪು, ಅದರ ಜೊತೆಗೊಂದು ಸರಪಳಿ, ಟ್ರೇಲರಿನ ಬೆನ್ನಿಗೆ ಕೆಂಪು ದೀಪ ಮತ್ತು ರಿಫ್ಲೆಕ್ಟರ್, ಇಳಿಜಾರಿನಲ್ಲಿ ನಿಲ್ಲಿಸಿದರೆ ಟ್ರ್ಯಾಕ್ಟರಿಗೆ ಮಾತ್ರವಲ್ಲದೆ ಟ್ರೇಲರಿನ ಚಕ್ರಕ್ಕೂ ಒಂದು ಬೆಣೆ. ಇಷ್ಟನ್ನು ಹೊರಡುವ ಮುಂಚೆ ಒಂದು ಸುತ್ತು ಹಾಕಿ ನೋಡಲು ಐದು ನಿಮಿಷ ಹಿಡಿಯುವುದಿಲ್ಲ.